ಗೋಥೆನ್‌ಬರ್ಗಿನಲ್ಲಿ ನನ್ನ ಬಾಣಂತನ

ಕಳೆದ ವರ್ಷ ರಾಜ್ಯೋತ್ಸವದ ದಿನ ನಮ್ಮ ಸಂಘದ ವೇದಿಕೆಯ ಮೇಲೆ ಕೋಲಾಟ ಆಡಿದ ಮಕ್ಕಳಲ್ಲಿ ನನ್ನ ಇಬ್ಬರು ಹೆಣ್ಣುಮಕ್ಕಳೂ ಇದ್ದರು. ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಿದ್ದಾಗ ಹಿರಿಯರೊಬ್ಬರು ಪ್ರೀತಿಯಿಂದಲೇ ಕೇಳಿದರು: "ಅವಳಿ ಅಂತೀರಿ, ಒಬ್ಬಳು ಯಾಕಮ್ಮಾ ಇಷ್ಟು ಸಣ್ಣ? ಸರಿಯಾಗಿ ಊಟ ಮಾಡಲ್ವಾ?" ನಾನು ನಕ್ಕು ಸುಮ್ಮನಾದೆ. ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಹೇಳಿ ಮುಗಿಸುವ ಕಥೆಯಲ್ಲ ಅದು.

ಅದಾಗಿ ಎರಡು ತಿಂಗಳಿಗೆ ಸಂಘದ ತಂಗಿಯೊಬ್ಬಳು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದಳು. ಅವಳ ಮಗು ಎಂಟು ವಾರ ಮೊದಲೇ ಹುಟ್ಟಿ ಆಸ್ಪತ್ರೆಯ ಇನ್‌ಕ್ಯುಬೇಟರಿನಲ್ಲಿತ್ತು. ದಿನಕ್ಕೆ ಅರ್ಧ ಗಂಟೆ, ಅದೂ ಗಾಜಿನ ಈಚೆಯಿಂದ ನೋಡಬಹುದಂತೆ. "ಅಕ್ಕಾ, ನಾನು ಅಮ್ಮ ಆಗಿದ್ದೀನೋ ಇಲ್ಲವೋ ಅಂತಲೇ ಗೊತ್ತಾಗ್ತಿಲ್ಲ" ಎಂದಳು. ಆ ಮಾತು ನನ್ನನ್ನು ನೇರವಾಗಿ 2018ರ ನವೆಂಬರಿಗೆ ಎಳೆದುಕೊಂಡು ಹೋಯಿತು. ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನಗೆ ಬೇರೆ ವಿಷಯ ಹೊಳೆಯಲಿಲ್ಲ.

ಮರಳಿನಿಂದ ಹಿಮಕ್ಕೆ

ಮದುವೆಯಾಗಿ ನಾಲ್ಕು ವರ್ಷ ಗಲ್ಫಿನಲ್ಲಿದ್ದ ನಮಗೆ 2017ರಲ್ಲಿ ಯಜಮಾನರ ಕೆಲಸದ ಮೇಲೆ ಸ್ವೀಡನ್ನಿಗೆ ವರ್ಗವಾಯಿತು. ಗೋಥೆನ್‌ಬರ್ಗ್ ಆ ದೇಶದ ಎರಡನೆಯ ದೊಡ್ಡ ಊರು. ಪಶ್ಚಿಮ ಕರಾವಳಿಯ ಬಂದರು, ವೋಲ್ವೋ ಕಾರಿನ ತವರು. ಊರಿನವರು ಅದನ್ನು ಕರೆಯುವುದು 'ಯೊತೆಬೊರ್ಯ್' ಎಂದು. ಆ ಉಚ್ಚಾರ ನಾಲಿಗೆಗೆ ಹೊಂದಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ಅಷ್ಟರಲ್ಲಿ ಹೊಟ್ಟೆಯಲ್ಲಿ ಎರಡು ಜೀವ ಇದೆ ಎಂಬ ಸುದ್ದಿಯೂ ಬಂತು.

ಪುತ್ತೂರಿನಲ್ಲಿ ಅಮ್ಮ ಆಗಲೇ ಬಾಣಂತನದ ತಯಾರಿ ಶುರು ಮಾಡಿದ್ದರು. ಮೆಂತೆ, ಕಾಳುಮೆಣಸು, ಓಲೆಬೆಲ್ಲ, ಒಣಶುಂಠಿ ಪೊಟ್ಟಣಗಳಾಗಿ ಕುಳಿತಿದ್ದವು. ಜನವರಿ ಕೊನೆಗೆ ಹೆರಿಗೆಯ ಲೆಕ್ಕವಾದ್ದರಿಂದ ಡಿಸೆಂಬರ್ ಕೊನೆಗೆ ವೀಸಾ, ಜನವರಿ ಮೊದಲ ವಾರ ವಿಮಾನ. ಎಲ್ಲ ಲೆಕ್ಕವೂ ಸರಿಯಾಗಿತ್ತು.

ನವೆಂಬರಿನ ಮೂರನೆಯ ವಾರ ನನಗೆ ತಲೆನೋವು ಶುರುವಾಯಿತು. ಕಾಲು ಬಾತುಕೊಂಡಿತ್ತು. ಅವಳಿ ಬಸಿರಲ್ಲವೇ, ಇದೆಲ್ಲ ಇದ್ದದ್ದೇ ಎಂದು ಮಾತ್ರೆ ನುಂಗಿ ಮಲಗಿದೆ. ಮರುದಿನ ಕಣ್ಣಿನ ಮುಂದೆ ಬೆಳಕಿನ ಚುಕ್ಕೆಗಳು ಕುಣಿದಾಗ ಸೂಲಗಿತ್ತಿಗೆ ಫೋನ್ ಮಾಡಿದೆ. ಅಲ್ಲಿ ಬಸಿರಿನ ತಪಾಸಣೆ ಮಾಡುವುದು ವೈದ್ಯರಿಗಿಂತ ಹೆಚ್ಚಾಗಿ ತರಬೇತಿ ಪಡೆದ ಸೂಲಗಿತ್ತಿಯರೇ. ಆಕೆ ಒಂದೇ ಮಾತು ಹೇಳಿದಳು: "ಈಗಲೇ ಹೊರಡು."

ರಕ್ತದೊತ್ತಡ 170/110 ಇತ್ತು. ಪ್ರೀ-ಎಕ್ಲಾಂಪ್ಸಿಯಾ ಎಂಬ ಪದವನ್ನು ಮೊದಲ ಬಾರಿಗೆ ಕೇಳಿದೆ. ಬಸುರಿಯ ರಕ್ತದೊತ್ತಡ ಏರಿ ಮೂತ್ರಪಿಂಡ, ಯಕೃತ್ತು, ಮಿದುಳಿಗೆ ಅಪಾಯ ತರುವ ಸ್ಥಿತಿ ಅದು. ಹೆರಿಗೆಯಾಗದೆ ಅದು ಇಳಿಯುವುದಿಲ್ಲ. ನನಗೆ ಆಗ ಮೂವತ್ತು ವಾರ. ಒಂದು ದಿನದ ಅಂತರದಲ್ಲಿ ಎರಡು ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರು. ಮಕ್ಕಳ ಶ್ವಾಸಕೋಶ ಬೇಗ ಬಲಿಯಲಿ ಎಂದು ಕೊಡುವ ಈ ಮದ್ದಿನ ಗುಣವನ್ನು ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ ಎಂಬ ಇಬ್ಬರು ವೈದ್ಯರು 1972ರಲ್ಲಿ ಜಗತ್ತಿಗೆ ತೋರಿಸಿಕೊಟ್ಟರು. ಇದನ್ನೆಲ್ಲ ನಾನು ಆಮೇಲೆ ಓದಿಕೊಂಡದ್ದು. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಮೊನ್ನೆಯೇ ಫೋನ್ ಮಾಡಬೇಕಿತ್ತು.

ಎರಡು ಬಾವುಟದ ತಟ್ಟೆ

ಸಿಸೇರಿಯನ್ ಆಯಿತು. ಒಂದು ಕ್ಷೀಣವಾದ ಅಳು ಕೇಳಿಸಿತು, ಬೆಕ್ಕಿನ ಮರಿಯಂಥದು. ಎರಡನೆಯದು ಕೇಳಿಸಲೇ ಇಲ್ಲ. ಮಕ್ಕಳನ್ನು ನನಗೆ ತೋರಿಸುವಷ್ಟು ಸಮಯವಿರಲಿಲ್ಲ. ಯಜಮಾನರು ನನ್ನ ಮುಖ ಒಮ್ಮೆ, ಬಾಗಿಲು ಒಮ್ಮೆ ನೋಡಿದರು. "ನೀವು ಅವರ ಹಿಂದೆ ಹೋಗಿ" ಎಂದೆ.

ಸ್ವೀಡನ್ನಿನಲ್ಲಿ ಒಂದು ಸುಂದರವಾದ ಪದ್ಧತಿ ಇದೆ. ಹೆರಿಗೆಯಾದ ಮೇಲೆ ತಾಯಿಗೆ ಒಂದು ತಟ್ಟೆ ತಂದುಕೊಡುತ್ತಾರೆ. ಬ್ರೆಡ್ಡು, ಚೀಸು, ಹಣ್ಣಿನ ರಸ, ಜೊತೆಗೆ ಒಂದು ಪುಟ್ಟ ನೀಲಿ-ಹಳದಿ ಬಾವುಟ. ನನ್ನ ತಟ್ಟೆಯಲ್ಲಿ ಎರಡು ಬಾವುಟ ಇದ್ದವು. ಪಕ್ಕದಲ್ಲಿ ತೊಟ್ಟಿಲು ಇರಲಿಲ್ಲ. ಕೈಗೆ ಡ್ರಿಪ್ಪು, ರಕ್ತದೊತ್ತಡದ ಪಟ್ಟಿ. ತಂದವಳು ಏನು ಹೇಳಬೇಕೆಂದು ತಿಳಿಯದೆ ನನ್ನ ಪಾದವನ್ನು ಕಂಬಳಿಯ ಮೇಲಿಂದಲೇ ಒಮ್ಮೆ ಒತ್ತಿ ಹೋದಳು. ನಾನು ಬ್ರೆಡ್ಡು ಮುಟ್ಟಲಿಲ್ಲ. ಬಾವುಟಗಳನ್ನು ಮಾತ್ರ ಎತ್ತಿ ದಿಂಬಿನ ಕೆಳಗೆ ಇಟ್ಟುಕೊಂಡೆ.

ಯಜಮಾನರು ಫೋನಿನಲ್ಲಿ ಚಿತ್ರ ತಂದು ತೋರಿಸಿದರು. ದೊಡ್ಡವಳು 1,390 ಗ್ರಾಂ, ಚಿಕ್ಕವಳು 980. ಒಂದು ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ಹಗುರ. ಮುಖದ ಅರ್ಧ ಟೋಪಿ, ಇನ್ನರ್ಧ ನಳಿಕೆ. ಹೆಸರಿನ ಜಾಗದಲ್ಲಿ 'ಅವಳಿ ಒಂದು', 'ಅವಳಿ ಎರಡು' ಎಂದು ಬರೆದಿತ್ತು.

ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ: "ಏಳೋ, ಎಂಟೋ?" ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಯಜಮಾನರು ಧೈರ್ಯವಾಗಿ "ಏಳು" ಎಂದರು. ವೈದ್ಯರ ಲೆಕ್ಕ ಮಾತ್ರ ಸರಳ: ಗರ್ಭದಲ್ಲಿ ಕಳೆದ ಪ್ರತಿ ವಾರವೂ ಮಗುವಿಗೆ ಲಾಭವೇ, ಎಂಟನೆಯ ತಿಂಗಳಿಗೆ ಯಾವ ಶಾಪವೂ ಇಲ್ಲ. ಆದರೂ ಆ ರಾತ್ರಿ ನಾನು ಬೆರಳು ಮಡಚಿ ತಿಂಗಳು ಎಣಿಸಿದ್ದೆಷ್ಟು ಬಾರಿಯೋ.

"ನೀವು ನೋಡಲು ಬಂದವರಲ್ಲ"

ಎರಡನೆಯ ದಿನ ನನ್ನನ್ನು ಮಂಚದ ಸಮೇತ ತಳ್ಳಿಕೊಂಡು ನವಜಾತ ಶಿಶುಗಳ ವಿಭಾಗಕ್ಕೆ ಕರೆದೊಯ್ದರು. ಗೋಥೆನ್‌ಬರ್ಗಿನ ಪೂರ್ವ ಭಾಗದ ಓಸ್ತ್ರ ಆಸ್ಪತ್ರೆಯ ಆವರಣದಲ್ಲೇ ರಾಣಿ ಸಿಲ್ವಿಯಾ ಮಕ್ಕಳ ಆಸ್ಪತ್ರೆ ಇದೆ. ಅಲ್ಲಿ ಕಂಡ ದೃಶ್ಯ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಒರಗು ಕುರ್ಚಿಯಲ್ಲಿ ನಮ್ಮ ಯಜಮಾನರು ಅಂಗಿ ಬಿಚ್ಚಿ ಕುಳಿತಿದ್ದಾರೆ. ಎದೆಯ ಮೇಲೆ ದೊಡ್ಡವಳು, ಅವಳ ಮೇಲೊಂದು ಕಂಬಳಿ. ಇವರು ಉಸಿರಾಡಲೂ ಹೆದರಿ, ಮೂರ್ತಿಯ ಹಾಗೆ ಕುಳಿತುಬಿಟ್ಟಿದ್ದಾರೆ.

ನಾನು ಚಿಕ್ಕವಳ ಪೆಟ್ಟಿಗೆಯ ಪಕ್ಕ ಕೈ ಕಟ್ಟಿಕೊಂಡು ನೋಡುತ್ತಿದ್ದೆ. "ಎಷ್ಟು ಹೊತ್ತು ನೋಡಬಹುದು?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ನರ್ಸ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮತ್ತೆ ಕೇಳಿದಾಗ ಹೇಳಿದಳು: "ಇಲ್ಲಿಗೆ ನೋಡಲು ಬರುವವರು ಅಜ್ಜ-ಅಜ್ಜಿಯರು. ನೀವು ನೋಡಲು ಬಂದವರಲ್ಲ, ನೀವು ಅಮ್ಮ. ಹಗಲು, ರಾತ್ರಿ ಯಾವಾಗ ಬೇಕಾದರೂ ಇಲ್ಲಿರಬಹುದು. ಕೈ ತೊಳೆದುಕೊಂಡು ಬನ್ನಿ, 'ಶೆಂಗುರು' ಮಾಡೋಣ."

ನನಗೆ ಕೇಳಿಸಿದ್ದು ಶೇಂಗಾ ಎಂದು. ಅದು ಸ್ವೀಡಿಷ್ ಭಾಷೆಯಲ್ಲಿ ಕಾಂಗರೂ. ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿ ಇಟ್ಟುಕೊಳ್ಳುವಂತೆ ಮಗುವನ್ನು ತಾಯಿ ಅಥವಾ ತಂದೆಯ ಬರಿ ಎದೆಗೆ ತಾಗಿಸಿ ಇಡುವ ಕ್ರಮ. ನಾನು ಬೇಡವೆಂದು ತಲೆಯಾಡಿಸಿದೆ. ಒಂದು ಕಿಲೋ ಇಲ್ಲದ ಜೀವ, ಮೂಗಿಗೆ ಗಾಳಿಯ ನಳಿಕೆ, ಹೊಕ್ಕುಳಿಗೆ ಮದ್ದಿನ ನಳಿಕೆ. ನಿಜ ಹೇಳಬೇಕೆಂದರೆ ಹೆದರಿಕೆ ಅದೊಂದೇ ಅಲ್ಲ. ಹೊಟ್ಟೆಯೊಳಗೆ ಇಟ್ಟುಕೊಳ್ಳಲಾಗದವಳು ಎದೆಯ ಮೇಲೆ ಏನು ಕಾಪಾಡಿಯೇನು ಎಂಬ ಮಾತು ಒಳಗಿನಿಂದ ಬರುತ್ತಿತ್ತು. ಆಕೆ ವಾದ ಮಾಡಲಿಲ್ಲ. ಇಬ್ಬರು ಸೇರಿ ನಳಿಕೆಗಳ ಸಮೇತ ಮಗುವನ್ನು ಎತ್ತಿ ನನ್ನ ಎದೆಯ ಮೇಲೆ ಕಪ್ಪೆಯ ಹಾಗೆ ಮಲಗಿಸಿ ಕಂಬಳಿ ಹೊದಿಸಿದರು.

ಭಾರವೇ ಇರಲಿಲ್ಲ. ಒಂದು ಬೆಚ್ಚಗಿನ ಎಲೆ ಅಂಟಿಕೊಂಡ ಹಾಗೆ. ಸ್ವಲ್ಪ ಹೊತ್ತಿಗೆ ನರ್ಸ್ ಪರದೆಯ ಕಡೆ ಬೆರಳು ತೋರಿಸಿದಳು. ಅಲ್ಲಿಯವರೆಗೆ ಏರಿಳಿಯುತ್ತಿದ್ದ ಆಮ್ಲಜನಕದ ಅಂಕಿ 95ರ ಸುತ್ತ ಬಂದು ನಿಂತಿತ್ತು. ಆಮೇಲೆ ನನಗೆ ಏನೂ ಕಾಣಿಸಲಿಲ್ಲ. ಎರಡು ದಿನದಿಂದ ಬಾರದ ಅಳು ಅಂದು ಬಂತು.

ಕಾಫಿ ಕುಡಿದ ಕೂಸುಗಳು

ಮುಂದಿನ ದಿನಗಳೆಲ್ಲ ಅಂಕಿಗಳಲ್ಲೇ ಕಳೆದವು. ಮೂರು ಗಂಟೆಗೊಮ್ಮೆ ಪಂಪಿನಿಂದ ಹಾಲು ತೆಗೆಯಬೇಕು. ಮೊದಲ ದಿನ ಬಂದದ್ದು ಸಿರಿಂಜಿನ ತುದಿಯಲ್ಲಿ ಕೆಲವು ಹಳದಿ ಹನಿ. ನಾಚಿಕೆಯಿಂದ ಬಚ್ಚಿಟ್ಟರೆ, ನರ್ಸ್ ಅದನ್ನು ಚಿನ್ನದ ಹಾಗೆ ಎರಡು ಕೈಯಲ್ಲಿ ಹಿಡಿದು ಹೋಗಿ ಹತ್ತಿಯ ತುದಿಯಿಂದ ಇಬ್ಬರ ಬಾಯಿಗೂ ಸವರಿದಳು. ಉಳಿದದ್ದು ಹಾಲಿನ ಬ್ಯಾಂಕಿನಿಂದ, ಯಾರೋ ಪುಣ್ಯಾತ್ಗಿತ್ತಿಯರು ಕೊಟ್ಟ ಹಾಲು. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ 1989ರಲ್ಲೇ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಶುರುವಾಗಿತ್ತು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಚಿಕ್ಕವಳ ಊಟ ಒಂದು ಹೊತ್ತಿಗೆ 2 ಮಿಲಿಲೀಟರ್. ಮೂಗಿನಿಂದ ಹೊಟ್ಟೆಗೆ ಇಳಿದ ದಾರದಂಥ ನಳಿಕೆಯಲ್ಲಿ ಅದು ಇಳಿಯುವುದನ್ನು ನೋಡುತ್ತ ಕೂರುತ್ತಿದ್ದೆ.

ಒಂದು ದಿನ ಮದ್ದಿನ ಪಟ್ಟಿಯಲ್ಲಿ ಕೆಫೀನ್ ಎಂದು ಕಂಡು ಗಾಬರಿಯಾದೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು ನಿದ್ದೆಯಲ್ಲಿ ಉಸಿರಾಡುವುದನ್ನೇ ಮರೆತುಬಿಡುತ್ತವೆ. ಕೆಫೀನ್ ಮಿದುಳಿನ ಉಸಿರಾಟದ ಕೇಂದ್ರವನ್ನು ಎಚ್ಚರವಾಗಿಡುತ್ತದೆ. ಯಜಮಾನರು ಚಿಕ್ಕಮಗಳೂರಿನವರು. ಅತ್ತೆಗೆ ಫೋನಿನಲ್ಲಿ "ನಿಮ್ಮ ಮೊಮ್ಮಕ್ಕಳು ಹಾಲಿಗಿಂತ ಮೊದಲು ಕಾಫಿ ಕುಡಿದರು" ಎಂದರು. ಎಷ್ಟೋ ದಿನದ ಮೇಲೆ ಮನೆಯವರೆಲ್ಲ ನಕ್ಕದ್ದು ಆಗ.

ಅದೇ ಅತ್ತೆ ಮಗ ದಿನಕ್ಕೆ ಆರು ಗಂಟೆ ಎದೆಯ ಮೇಲೆ ಕೂಸು ಇಟ್ಟುಕೊಂಡು ಕೂರುತ್ತಾನೆ ಎಂದು ಕೇಳಿ "ಗಂಡಸು ಬಾಣಂತನ ಮಾಡೋದಾ?" ಎಂದಿದ್ದರು. ಮಾಡಬೇಕಾಯಿತು. ಸ್ವೀಡನ್ ಹೆರಿಗೆಯ ರಜೆಯನ್ನು 1974ರಲ್ಲೇ ತಂದೆಗೂ ತೆರೆದ ದೇಶ. ಒಂದು ಮಗುವಿಗೆ ಇಬ್ಬರಿಗೂ ಸೇರಿ 480 ದಿನಗಳ ಭತ್ಯೆ ಇದೆ. ಹಾಗಾಗಿ ನೌಕರಿಯ ಚಿಂತೆ ಇರಲಿಲ್ಲ, ಆಸ್ಪತ್ರೆಯ ಬಿಲ್ಲಿನ ಚಿಂತೆಯೂ ಇರಲಿಲ್ಲ. ಇನ್‌ಕ್ಯುಬೇಟರಿನ ಒಂದೊಂದು ದಿನಕ್ಕೂ ಸಾಲ ಮಾಡಿದ ಕುಟುಂಬಗಳನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ನನ್ನ ಕಥೆಯಲ್ಲಿ ಅದೃಷ್ಟದ ಪಾಲು ಎಷ್ಟು ಎಂಬುದನ್ನು ಮರೆಯುವುದಿಲ್ಲ.

ಹದಿನಾಲ್ಕನೆಯ ದಿನ ಚಿಕ್ಕವಳ ಹೊಟ್ಟೆ ಉಬ್ಬಿತು. ಕರುಳಿಗೆ ಸೋಂಕಿರಬಹುದೆಂಬ ಅನುಮಾನ. 2 ಮಿಲಿಯಿಂದ 12 ಮಿಲಿಗೆ ಹತ್ತಿಸಿದ್ದ ಹಾಲನ್ನು ಪೂರ್ತಿ ನಿಲ್ಲಿಸಿದರು. ಆಂಟಿಬಯಾಟಿಕ್, ಮತ್ತೆ ಗಾಳಿಯ ಯಂತ್ರ. ವೈದ್ಯೆ ನಮ್ಮೆದುರು ಕುರ್ಚಿ ಎಳೆದುಕೊಂಡು ಕುಳಿತು, "ಇವತ್ತು ನಮಗೆ ಗೊತ್ತಿಲ್ಲ, ನಾಳೆ ಬೆಳಿಗ್ಗೆ ಇನ್ನೂ ಸ್ವಲ್ಪ ಗೊತ್ತಾಗುತ್ತದೆ" ಎಂದರು. ಆ ಮೂರು ರಾತ್ರಿ ನಾನು ಹಾಲು ತೆಗೆದು ಫ್ರೀಜರಿನಲ್ಲಿ ಇಡುತ್ತ ಹೋದೆ. ಕುಡಿಯುವವಳು ಇರುತ್ತಾಳೋ ಇಲ್ಲವೋ ತಿಳಿಯದೆ ಬಾಟಲಿಗೆ ದಿನಾಂಕ ಬರೆಯುವ ಕೆಲಸ ಯಾರಿಗೂ ಬೇಡ.

ಅದರ ನಡುವೆಯೇ ಡಿಸೆಂಬರ್ 13 ಬಂತು, ಅಲ್ಲಿನ ಲೂಸಿಯಾ ಹಬ್ಬ. ಸೂರ್ಯ ಒಂಬತ್ತಕ್ಕೆ ಹತ್ತಿರ ಹುಟ್ಟಿ ಮೂರೂವರೆಯೊಳಗೆ ಮುಳುಗುವ ದಿನಗಳು ಅವು. ಬೆಳಗಿನ ಕತ್ತಲಲ್ಲಿ ಬಿಳಿ ನಿಲುವಂಗಿ ತೊಟ್ಟ ಮಕ್ಕಳು, ಮುಂದಿನವಳ ತಲೆಯ ಮೇಲೆ ದೀಪದ ಕಿರೀಟ, ಓಣಿಯಲ್ಲಿ ಮೆಲುದನಿಯಲ್ಲಿ ಹಾಡುತ್ತ ಹೋದರು. ಯಾರೋ ಕೈಗೆ ಕೇಸರಿ ಹಾಕಿದ ಬನ್ನು ಕೊಟ್ಟರು. ಬಸುರಿಗೆಂದು ಅಮ್ಮ ಕಳಿಸಿದ್ದ ಕೇಸರಿಯ ಡಬ್ಬಿ ಮನೆಯಲ್ಲಿ ಇನ್ನೂ ತೆರೆಯದೆ ಇತ್ತು. ಬನ್ನಿನ ವಾಸನೆಗೆ ಆ ಡಬ್ಬಿ ನೆನಪಾಗಿ ಗಂಟಲು ಕಟ್ಟಿತು. ಅದೇ ಸಂಜೆ ವೈದ್ಯೆ ಬಂದು, ಹೊಟ್ಟೆ ಮೆದುವಾಗಿದೆ, ನಾಳೆ 1 ಮಿಲಿ ಕೊಟ್ಟು ನೋಡೋಣ ಎಂದರು.

ಅಜ್ಜಿಯ ಸೆರಗು

ಜನವರಿಯಲ್ಲಿ ಅಮ್ಮ ಬಂದಿಳಿದರು. ನಾನು ತಲೆಗೆ ಬಟ್ಟೆ ಕಟ್ಟಿಲ್ಲ, ಕಿವಿಗೆ ಹತ್ತಿ ಇಟ್ಟಿಲ್ಲ, ಹೊಟ್ಟೆಗೆ ಸೀರೆ ಬಿಗಿದಿಲ್ಲ. ಹಿಮದಲ್ಲಿ ಟ್ರಾಮ್ ಹಿಡಿದು ಮನೆಗೂ ಆಸ್ಪತ್ರೆಗೂ ಓಡಾಡುವ ಬಾಣಂತಿ! ಬೈಗುಳಕ್ಕೆ ಸಿದ್ಧಳಾಗಿಯೇ ಅಮ್ಮನನ್ನು ವಿಭಾಗಕ್ಕೆ ಕರೆದೊಯ್ದೆ. ಅಲ್ಲಿ ನಾನು ಅಂಗಿಯೊಳಗೆ ಚಿಕ್ಕವಳನ್ನು ಇಟ್ಟುಕೊಂಡು ಕುಳಿತೆ. ಅಮ್ಮ ಬಹಳ ಹೊತ್ತು ಸುಮ್ಮನೆ ನೋಡಿದರು.

"ನನ್ನನ್ನೂ ಹೀಗೇ ಇಟ್ಟುಕೊಂಡಿದ್ದಳಂತೆ ನಿನ್ನಜ್ಜಿ" ಎಂದರು.

ಅಮ್ಮ ಏಳು ತಿಂಗಳ ಕೂಸು ಎಂಬುದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಆಟಿಯ ಮಳೆಗಾಲ, ಹೊಳೆ ದಾಟಲು ಆಗದ ದಿನ, ಆಸ್ಪತ್ರೆ ಎಂಬುದೇ ಇಲ್ಲದ ಕಾಲ. ಅಜ್ಜಿ ಹಳೆಯ ಹತ್ತಿ ಸೀರೆಯಲ್ಲಿ ಕೂಸನ್ನು ಎದೆಗೆ ಕಟ್ಟಿಕೊಂಡು ಬಚ್ಚಲೊಲೆಯ ಪಕ್ಕ ಒಂದು ತಿಂಗಳು ಕುಳಿತಿದ್ದಳಂತೆ. ಹಾಲನ್ನು ಹತ್ತಿಯ ಬತ್ತಿಯಲ್ಲಿ ಅದ್ದಿ ಬಾಯಿಗೆ ಹಿಂಡುತ್ತಿದ್ದಳಂತೆ. "ಏಳು ತಿಂಗಳದ್ದು ಅಂದ್ಮೇಲೆ ಉಳಿಯುತ್ತೆ ಅಂತ ಎಲ್ಲರೂ ಹೇಳ್ತಿದ್ರಂತೆ. ಆದ್ರೆ ನನ್ನ ಮೊದಲಿನ ಎರಡೂ ಏಳರದ್ದೇ. ಅವು ಉಳಿಯಲಿಲ್ಲ" ಎಂದು ಅಮ್ಮ ಮೆಲ್ಲನೆ ಸೇರಿಸಿದರು. ಫೋನಿನಲ್ಲಿ ಏಳೋ ಎಂಟೋ ಎಂದು ಕೇಳಿದಾಗ ಅವರ ಮನಸ್ಸಿನಲ್ಲಿ ಏನಿತ್ತು ಎಂಬುದು ನನಗೆ ಆಗ ಅರ್ಥವಾಯಿತು.

ಅಜ್ಜಿಯ ಎದೆಯ ಬಿಸಿ ದೊಡ್ಡದು, ಆದರೆ ಅದೊಂದೇ ಸಾಲಲಿಲ್ಲ. ನನ್ನ ಚಿಕ್ಕವಳಿಗೆ ಗಾಳಿಯ ಯಂತ್ರವೂ ಬೇಕಾಯಿತು, ಆಂಟಿಬಯಾಟಿಕ್ ಕೂಡ. ಹಾಗೆಯೇ ಯಂತ್ರವೊಂದೇ ಸಾಲದು ಎಂಬುದನ್ನೂ ಜಗತ್ತು ತಡವಾಗಿ ಕಲಿತಿದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ಮಕ್ಕಳ ವೈದ್ಯರು ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯಲ್ಲಿ ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿದರು. ಬಡವರ ಉಪಾಯವೆಂದು ಶುರುವಾದದ್ದು ಸ್ವೀಡನ್ನಿನಂಥ ಶ್ರೀಮಂತ ದೇಶಕ್ಕೂ ಬಂತು. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಈ ಆರೈಕೆ ಪಡೆದ ಪುಟ್ಟ ಮಕ್ಕಳಲ್ಲಿ ಸಾವು ಶೇಕಡಾ 25ರಷ್ಟು ಕಡಿಮೆಯಾಗಿತ್ತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಮಗು ಸ್ಥಿರವಾಗಲಿ ಎಂದು ಕಾಯದೆ ಕೂಡಲೇ ಎದೆಗೆ ಇಡಿ ಎಂದಿತು. ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್‌ನ ವೈದ್ಯರು ಸರ್ಕಾರದ ಜೊತೆಗೂಡಿ ಇದನ್ನೇ ಊರೂರಿನ ತಾಯಂದಿರಿಗೆ ಕಲಿಸಿದ್ದಾರೆ. ಇದು ಸ್ವೀಡನ್ನಿನ ಸೊತ್ತಲ್ಲ.

ಮನೆಗೆ

ಜನವರಿ ಕೊನೆಗೆ, ಅಂದರೆ ಅವರು ನಿಜವಾಗಿ ಹುಟ್ಟಬೇಕಿದ್ದ ವಾರದಲ್ಲಿ, ಇಬ್ಬರನ್ನೂ ಮನೆಗೆ ತಂದೆವು. ಚಿಕ್ಕವಳ ಮೂಗಿನ ನಳಿಕೆ ಹಾಗೆಯೇ ಇತ್ತು. ನರ್ಸ್ ಮನೆಗೇ ಬಂದು ತೂಕ ನೋಡಿ ಹೋಗುತ್ತಿದ್ದಳು. ಅಮ್ಮ ಬಚ್ಚಲು ಬಿಸಿ ಮಾಡಿ ನನಗೆ ಎಣ್ಣೆ ಹಚ್ಚಿದರು, ತಲೆಗೆ ಬಟ್ಟೆ ಕಟ್ಟಿದರು, ಮೆಂತೆಯ ಲೇಹ್ಯ ತಿನ್ನಿಸಿದರು. ಎರಡು ತಿಂಗಳು ತಡವಾಗಿ ನನ್ನ ಬಾಣಂತನ ಶುರುವಾಯಿತು.

ಮೊದಲು ಹೇಳಿದ ಆ ತಂಗಿಗೆ ನಾನು ಹೇಳಿದ್ದು ಇಷ್ಟೇ. ಅಲ್ಲಿನ ನಿಯಮ ನಮ್ಮ ಕೈಯಲ್ಲಿಲ್ಲ, ಅಲ್ಲಿಯವರೂ ಸೋಂಕಿಗೆ ಹೆದರಿಯೇ ಬಾಗಿಲು ಹಾಕಿರುತ್ತಾರೆ. ಆದರೆ ಕೇಳುವುದು ನಮ್ಮ ಕೈಯಲ್ಲಿದೆ. ವೈದ್ಯರನ್ನು ಕಂಡು "ಮಗುವನ್ನು ಎದೆಗೆ ಇಟ್ಟುಕೊಳ್ಳಬಹುದೇ? ಇವತ್ತಲ್ಲದಿದ್ದರೆ ಯಾವಾಗ?" ಎಂದು ಕೇಳು. ಇಲ್ಲ ಎಂದರೆ ನಾಳೆ ಮತ್ತೆ ಕೇಳು. ಗಂಡನನ್ನೂ ಕರೆದುಕೊಂಡು ಹೋಗು. ಹಾಲು ಹನಿಯಷ್ಟೇ ಬಂದರೂ ತೆಗೆದು ಕಳಿಸು. ಮತ್ತೆ, ನಿನ್ನ ತಪ್ಪಲ್ಲ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಮುಂಚಿತವಾಗಿ ಹುಟ್ಟಿದವು. ಅಷ್ಟೂ ತಾಯಂದಿರು ತಪ್ಪು ಮಾಡಿರಲು ಸಾಧ್ಯವೇ? ಒಂದು ವಾರದ ಮೇಲೆ ಅವಳು ಚಿತ್ರ ಕಳಿಸಿದಳು. ಗೌನಿನೊಳಗಿಂದ ಒಂದು ಪುಟ್ಟ ಟೋಪಿ ಮಾತ್ರ ಕಾಣುತ್ತಿತ್ತು. ದಿನಕ್ಕೆ ಒಂದು ಗಂಟೆ ಬಿಡುತ್ತಾರಂತೆ.

ಇನ್ನು ಊಟದ ಸಾಲಿನಲ್ಲಿ ಕೇಳಿದ ಹಿರಿಯರಿಗೆ ನನ್ನ ಉತ್ತರ ಬಾಕಿ ಇದೆ. ಚಿಕ್ಕವಳು ಇನ್ನೂ ಅಕ್ಕನಿಗಿಂತ ಎರಡು ಬೆರಳು ಗಿಡ್ಡ, ಓಟದಲ್ಲಿ ಮಾತ್ರ ಮುಂದೆ. ಊಟ ಚೆನ್ನಾಗಿಯೇ ಮಾಡುತ್ತಾಳೆ ಸ್ವಾಮಿ. 2 ಮಿಲಿಲೀಟರಿನಿಂದ ಶುರು ಮಾಡಿದವಳು ಮೊನ್ನೆ ಭಾನುವಾರ ಮೂರು ನೀರುದೋಸೆ ತಿಂದು, ನಾಲ್ಕನೆಯದಕ್ಕೆ ತಟ್ಟೆ ಒಡ್ಡಿದಳು.